ತವನಪ್ಪನಿಗೆ ಬೇಕಾದ ಇಂಜಿನ್

ಕೊಣ್ಣೂರಿನ ತವನಪ್ಪ ಮಾತಿನಲ್ಲಷ್ಟೇ ಜಿಪುಣ. ದನಗಳ ಹಿಂಡಿಯ ಚೀಲಗಳನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಹುಕ್ಕೇರಿ ಕಡೆಯ ಹಳ್ಳಿಗಳ ಅಂಗಡಿಗಳಿಗೆ ಹಾಕಿ ಬರುವುದು ಅವನ ಕಸುಬು. ಹದಿನೇಳು ವರ್ಷದಿಂದ ಅದೇ ಗಾಡಿ, ಅದೇ ದಾರಿ. ಮೊದಲೆಲ್ಲ ಸಂಜೆ ಐದೂವರೆಗೆ ಊರು ಮುಟ್ಟುತ್ತಿದ್ದ. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹೆಂಡತಿ ಜಿನ್ನವ್ವ ಪಡುವಣದ ಕಡೆ ಒಂದು ಕಣ್ಣಿಟ್ಟೇ ರೊಟ್ಟಿ ಬಡಿಯುತ್ತಿದ್ದಳು. ಗಂಡ ತುಸು ತಡವಾದರೂ ಬಾಗಿಲಲ್ಲೇ ನಿಂತು, "ನಿಮ್ಮ ಸಲುವಾಗಿ ಸೂರ್ಯಾಗ ನಿಲ್ಲು ಅಂತ ಹೇಳಾಕ ಬರತೈತೇನ್ರಿ?" ಎಂದು ದಬಾಯಿಸುತ್ತಿದ್ದಳು.

ಜಿನ್ನವ್ವ ತೀರಿಕೊಂಡು ಎರಡು ವರ್ಷವಾಯಿತು. ಮಕ್ಕಳಿಲ್ಲ.

ಆ ಎರಡು ವರ್ಷದಲ್ಲಿ ಗಾಡಿಯೂ ಸೋತಿತು. ಏರು ಬಂದರೆ ಏದುಸಿರು, ಹಿಂದೆ ಕರಿ ಹೊಗೆ. ತವನಪ್ಪ ಊರು ಸೇರುವಷ್ಟರಲ್ಲಿ ಬೀದಿ ದೀಪ ಹತ್ತಿರುತ್ತಿದ್ದವು. ಊಟದ ಹೊತ್ತು ಮೀರಿದ ಮೇಲೆ ಅಡುಗೆಮನೆಗೆ ಕಾಲಿಡುವ ಗೋಜೂ ಇಲ್ಲ. ಕೈಕಾಲು ತೊಳೆದುಕೊಂಡು ಹಾಸಿಗೆ ಹಾಸಿಬಿಡುತ್ತಿದ್ದ. ಬಸದಿಯಲ್ಲಿ ಮಂದಿ, ನಿಯಮ ಅಂದರೆ ತವನಪ್ಪನದು ಎಂದು ಕೊಂಡಾಡಿದರು. ಅದು ನಿಯಮವಲ್ಲ, ಹೆದರಿಕೆ ಎಂದು ಅವನೊಬ್ಬನಿಗೇ ಗೊತ್ತಿತ್ತು. ಒಬ್ಬನೇ ಹಿಟ್ಟು ನಾದಿ, ಒಬ್ಬನೇ ಬಡಿಸಿಕೊಂಡು, ಗೋಡೆ ನೋಡುತ್ತ ಉಣ್ಣುವುದನ್ನು ಅವನು ಗಾಡಿಯ ಮೇಲೆ ಭಾರ ಹಾಕಿ ತಪ್ಪಿಸಿಕೊಂಡಿದ್ದ. ಹಸಿವಿಗೆ ನಿದ್ದೆ ಬರದಿದ್ದರೂ ಅದೇ ವಾಸಿ ಅನ್ನಿಸುತ್ತಿತ್ತು.

ಈ ಫೆಬ್ರವರಿಯಲ್ಲಿ ಇಂಜಿನ್ ದಾರಿಯಲ್ಲೇ ಜಾಮ್ ಆಯಿತು. ಟ್ರ್ಯಾಕ್ಟರಿಗೆ ಕಟ್ಟಿ ಗೋಕಾಕದ ಮಾಲಿಂಗಪ್ಪನ ಗ್ಯಾರೇಜಿಗೆ ಎಳೆದು ತಂದರು. ಮಾಲಿಂಗಪ್ಪ ಬಿಚ್ಚಿ ನೋಡಿ ತಲೆಯಾಡಿಸಿದ.

"ಇದರ ಕತಿ ಮುಗೀತ್ರಿ ತವನಪ್ಪಣ್ಣಾ. ಬ್ಯಾರೇ ಇಂಜಿನ್ ಕೂಡಸಬೇಕು. ಎರಡು ಅದಾವ. ಒಂದು ಹೊಸಾ ಮಾಡೆಲ್ಲಿಂದು. ಗಾಡಿ ಅಪಘಾತ ಆಗೇತಿ, ಇಂಜಿನ್ನಿಗೆ ಏನೂ ಆಗಿಲ್ಲ. ಕಾಗದಪತ್ರ ನಾ ಮಾಡಿಸಿ ಕೊಡ್ತೀನಿ. ಎಂಥಾ ಏರಿದ್ರೂ ಸರ್ರಂತ ಹತ್ತತೈತಿ. ಹೊತ್ತು ಮುಳಗೂದ್ರಾಗ ಮನಿ ಮುಟ್ಟತೀರಿ. ನಿಮ್ಮ ಮಂದಿಗೆ ಅದ ಮುಖ್ಯ ಅಲ್ರಿ?"

ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ತವನಪ್ಪನಿಗೆ ಬೇಡವಾಗಿದ್ದುದೇ ಅದು.

"ಇನ್ನೊಂದು ಯಾವುದಪಾ?"

"ನಿಮ್ಮ ಗಾಡೀದ ಹಳೇ ಮಾಡೆಲ್. ಕಣಗಲಾದಾಗ ಹೈವೇ ಬಾಜೂ ಗುಜರಿ ಅಂಗಡ್ಯಾಗ ಐತಿ. ಆದರ ಅದು..."

"ಅದನ್ನ ಹಾಕು."

"ಎಷ್ಟು ಓಡೇತಿ ಅಂತ ಕೇಳೂದಿಲ್ಲೇನ್ರಿ?"

"ಬ್ಯಾಡ. ನನಗ ಹಳೇದ ಸಾಕು."

ಒಂದು ಟೈರ್ ಕೊಳ್ಳಬೇಕಾದರೂ ಉಗುರಿನಿಂದ ಕೆರೆದು ನೋಡುವ ಮನುಷ್ಯ, ಇಂಜಿನ್ ಯಾರದು, ಎಣ್ಣೆ ಕುಡಿಯುತ್ತದೋ ಹೇಗೆ, ಒಂದನ್ನೂ ಕೇಳಲಿಲ್ಲ. ಹಳೆಯದೆಂದರೆ ತನ್ನದರ ಹಾಗೆ ಏದುಸಿರು ಬಿಡುವುದೇ ಎಂದು ನಂಬಿಬಿಟ್ಟ. ನಿನ್ನೆ ಲೈಸನ್ಸ್ ತೆಗೆದವನೂ ಇಂಥ ತಪ್ಪು ಮಾಡಲಾರ.

ಗಾಡಿ ಗ್ಯಾರೇಜಿನಲ್ಲಿದ್ದ ಎಂಟು ದಿನ ಅವನು ಸಂಜೆಗಳನ್ನು ಎಲ್ಲಿ ಕಳೆಯುವುದೆಂದು ತಿಳಿಯದೆ ಒದ್ದಾಡಿದ. ಬಸದಿಯ ಕಟ್ಟೆಯ ಮೇಲೆ ಕತ್ತಲಾಗುವವರೆಗೆ ಕೂತ. ಬಾಜೂ ಮನೆಯ ಸೊಸೆ ಶ್ರದ್ಧಾ, "ಕಾಕಾ, ಊಟ ಆತೇನ್ರಿ?" ಎಂದು ಕೇಳಿದರೆ, ಆಯಿತವ್ವ ಎಂದು ಕಣ್ಣು ತಪ್ಪಿಸಿದ. ಎರಡು ಸಲ ಹೀಗೆ ಸುಳ್ಳು ಹೇಳಿದ ಮೇಲೆ ಆ ದಾರಿಯನ್ನೇ ಬಿಟ್ಟು ಸುತ್ತು ಹಾಕಿಕೊಂಡು ಹೋದ.

ಒಂಬತ್ತನೆಯ ದಿನ ಮಾಲಿಂಗಪ್ಪ ಕೀಲಿಕೈ ಕೊಡುತ್ತ ನಕ್ಕ. "ನಸೀಬದವರ್ರಿ ನೀವು. ಅವತ್ತ ಹೇಳಾಕ ಹೋದ್ನಿ, ನೀವು ಕೇಳಲಿಲ್ಲ. ಯಾರೋ ತ್ವಾಟಕ್ಕಂತ ತಗೊಂಡು ಶೆಡ್ಡಿನ್ಯಾಗ ನಿಲ್ಲಿಸಿದ್ದ ಗಾಡೀದಂತ ಈ ಇಂಜಿನ್. ಓಡೇ ಇಲ್ಲ. ನಿಮ್ಮ ಗಾಡಿ ಹೊಸಾದಿದ್ದಾಗ ಹೆಂಗ ಓಡತಿತ್ತು, ಹಂಗ ಓಡತೈತಿ."

ತವನಪ್ಪ ಕೀಲಿಕೈ ತೆಗೆದುಕೊಂಡ. ಕೊಡುವುದನ್ನು ಕೊಟ್ಟು ಗಾಡಿ ಹತ್ತಿದ.

ಮರುದಿನ ಹಿಂಡಿ ಹೇರಿಕೊಂಡು ಹೊರಟ. ಗಾಡಿ ಹೊಗೆ ಬಿಡಲಿಲ್ಲ, ಏರಿನಲ್ಲಿ ಕೊಸರಾಡಲಿಲ್ಲ. ಬರುವಾಗ ಬೇಕೆಂದೇ ಹುಕ್ಕೇರಿಯಲ್ಲಿ ಎರಡು ಸಲ ಚಹಾ ಕುಡಿದ. ಗಾಳಿ ಸರಿಯಿದ್ದ ಚಕ್ರಗಳಿಗೇ ಮತ್ತೆ ಗಾಳಿ ಹಾಕಿಸಿದ. ಇಷ್ಟೆಲ್ಲ ಮಾಡಿದರೂ ಕೊಣ್ಣೂರಿನ ಹೊರಗಿನ ಕಬ್ಬಿನ ಹೊಲಗಳು ಕಾಣಿಸಿದಾಗ ಬಿಸಿಲು ಇನ್ನೂ ಹೊಲದ ಮೇಲೇ ಇತ್ತು. ಇಲ್ಲಿಂದ ಮನೆ ಐದು ನಿಮಿಷ. ಹಿಟ್ಟಿದೆ, ಬೇಳೆಯಿದೆ, ಗ್ಯಾಸ್ ತುಂಬಿದೆ. ಉಣ್ಣದಿರಲು ಅವನಿಗೆ ಒಂದೇ ಒಂದು ನೆಪವೂ ಉಳಿದಿರಲಿಲ್ಲ. ಜಿನ್ನವ್ವನ ನೆನಪು ಒತ್ತರಿಸಿಕೊಂಡು ಬಂತು. ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಬಂದ್ ಮಾಡಿದ. ಸ್ಟೇರಿಂಗಿನ ಮೇಲೆ ಕೈಯಿಟ್ಟು ಸುಮ್ಮನೆ ಕೂತ.

ಓಣಿಯ ಧನ್ಯಕುಮಾರ ಬೈಕಿನಲ್ಲಿ ಅವಸರದಿಂದ ಮನೆಗೆ ಹೊರಟಿದ್ದವನು ನಿಂತ.

"ಯಾಕ್ರಿ ಕಾಕಾ, ಮತ್ತ ಗಾಡಿ ಕೆಟ್ಟೈತೇನ್ರಿ? ಹೊತ್ತು ಮುಳಗಾಕ ಬಂತು, ಉಣ್ಣೂದಿಲ್ಲೇನ್ರಿ? ಬರ್ರಿ, ಬೈಕ್ ಮ್ಯಾಲ ಬಿಡ್ತೀನಿ."

"ಇಲ್ಲಪಾ, ಗಾಡಿ ಭಾಳ ಛಲೋ ಆಗೇತಿ," ಎಂದ ತವನಪ್ಪ. "ನೀ ನಡಿ. ನಾ ಹೊತ್ತು ಮುಳುಗಿದ ಮ್ಯಾಲ ಬರ್ತೀನಿ."