ತುರುಗಾಳಗದ ಕಲ್ಲಿನ ಬಳಿ ಈದ ಹಸು

ದನದ ವ್ಯಾಪಾರಕ್ಕೆ ಇಳಿಯುವವರಿಗೆ ನನ್ನದೊಂದು ಮಾತು: ಹಗ್ಗ ಬದಲಾಗುವವರೆಗೆ ವ್ಯಾಪಾರ ಮುಗಿಯಿತೆನ್ನಬೇಡಿ. ಮಾರುವವನು ತನ್ನ ಹಗ್ಗ ಬಿಚ್ಚಿಕೊಂಡು, ಕೊಳ್ಳುವವನು ತನ್ನದು ಕಟ್ಟಿದ ಮೇಲೆಯೇ ದನ ಕೈಬದಲಾದಂತೆ. ಹೇಮಗಿರಿಯ ದನಗಳ ಜಾತ್ರೆಯಲ್ಲಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತ ಕಲಿತ ಪಾಠ ಇದು.

ನಾಗಮಂಗಲ ತಾಲ್ಲೂಕಿನ ನಮ್ಮೂರಿಗೂ ಕೆ.ಆರ್. ಪೇಟೆ ತಾಲ್ಲೂಕಿನ ಪಕ್ಕದೂರಿಗೂ ನಡುವೆ, ರಾಗಿ ಹೊಲದ ಅಂಚಿನಲ್ಲಿ ಒಂದು ವೀರಗಲ್ಲಿದೆ. ಪಾಳೇಗಾರರ ಕಾಲದಲ್ಲೋ ಅದಕ್ಕೂ ಹಿಂದೋ, ಆ ಊರಿನವರು ನಮ್ಮ ದನ ಹೊಡೆದುಕೊಂಡು ಹೋದರಂತೆ. ಅಟ್ಟಿಸಿಕೊಂಡು ಹೋಗಿ ಬಿಡಿಸಿಕೊಂಡ ನಮ್ಮವನು ಅಲ್ಲೇ ಬಿದ್ದನಂತೆ. ಅಂದಿನಿಂದ ಅವರ ಹಗ್ಗ ನಮ್ಮ ಕೊಟ್ಟಿಗೆಗೆ ಬರುವಂತಿಲ್ಲ. ಅವರಿಗೆ ಮಾರಿದ ದನಕ್ಕೆ ಹಗ್ಗ ಬದಲಾಗುವುದು ಆ ಕಲ್ಲಿನ ಬಳಿಯೇ.

ಹೋದ ವರ್ಷ ಆ ಊರಿನ ಹೆಂಗಸೊಬ್ಬಳಿಗೆ ನಮ್ಮೂರಿನವನ ತುಂಬು ಗಬ್ಬದ ಹಸು ಕುದುರಿಸಿಕೊಟ್ಟೆ. ಇದ್ದೊಂದು ಹಸು ಸತ್ತು, ಡೈರಿಗೆ ಹಾಲು ಹಾಕುವುದು ನಿಂತು, ಮನೆ ನಡೆಸುವುದೇ ಅವಳಿಗೆ ಕಷ್ಟವಾಗಿತ್ತು. ಹೊಸ ಹಗ್ಗ, ಕೊಡಬೇಕಾದ ದುಡ್ಡು ಹಿಡಿದು ಕಲ್ಲಿನ ಬಳಿ ಕಾಯುತ್ತಿದ್ದಳು. ನಾವು ಅಲ್ಲಿಗೆ ತಲುಪಿದ್ದೇ ತಡ, ಹಸು ಮಲಗಿ ಈದುಬಿಟ್ಟಿತು. ಹೆಣ್ಣುಗರು.

ಮಾರಿದವನ ಮುಖ ಬದಲಾಯಿತು. "ಅಗ್ಗ ಇನ್ನೂ ನಂದೇ ಅದೆ. ಅಸಾನೂ ನಂದೇ, ಕರಾನೂ ನಂದೇಯ."

"ಮಾತು ಮುಗ್ದದೆ ಕಣ್ಲಾ," ಎಂದೆ.

"ನೀನ್ ಸುಮ್ಕಿರ್ಲಾ ದಲ್ಲಾಳಿ. ಅವ್ರ ಕಡೀಕೆ ಸೇರ್ಕಂಬುಟ್ಯಾ?"

ಗಲಾಟೆ ಕೇಳಿ ನಮ್ಮೂರ ಹೊಲಗಳಿಂದ ಜನ ದೊಣ್ಣೆ ಹಿಡಿದು ಬಂದರು. "ತಾತನ ಕಾಲ್ದ ಕಳ್ಬುದ್ಧಿ ಇನ್ನೂ ಓಗ್ನಿಲ್ಲ ನೋಡ್ರಲಾ ಇವ್ರಿಗೆ!" ಎಂದು ಅವರಲ್ಲೊಬ್ಬ ಕೂಗಿದ. ನನಗೆ ಗೊತ್ತಿದ್ದ ಮಾತಿನ ವರಸೆಗಳೆಲ್ಲ ಮುಗಿದವು. ನಮ್ಮೂರಿನವರು ಕರುವನ್ನು ಹೆಗಲಿಗೆ ಹಾಕಿಕೊಂಡು, ಹಸುವನ್ನು ಹಿಂದೆ ನಡೆಸಿಕೊಂಡು, ಕೇಕೆ ಹಾಕುತ್ತ ಊರಿನತ್ತ ತಿರುಗಿದರು. ಆ ಕೇಕೆ ಇವತ್ತಿನವರ ಗಂಟಲಿನದು ಅನ್ನಿಸಲಿಲ್ಲ.

ಅಷ್ಟರಲ್ಲಿ ಅತ್ತಲಿಂದ ಅವಳ ಊರಿನವರು ಓಡಿ ಬಂದರು. ಅವರ ಕೈಯಲ್ಲೂ ದೊಣ್ಣೆ.

"ಏನಕ್ಕಾ, ಕಿತ್ಕಂಡೋದ್ರಾ?"

ಹೂಂ ಅಂದಿದ್ದರೆ ಸಾಕಿತ್ತು, ಹೆಣ ಬೀಳುತ್ತಿತ್ತು. ಅವಳು ಹೊಸ ಹಗ್ಗವನ್ನು ಸುತ್ತಿ ಮಡಿಲಿಗೆ ಹಾಕಿಕೊಂಡಳು.

"ಇಲ್ಲ ಕಣ್ರಪ್ಪಾ. ಕೆಚ್ಚಲು ಸರೀಗಿರ್ನಿಲ್ಲ, ನಾನೇ ಬ್ಯಾಡ ಅಂದ್ಬುಟ್ಟೆ. ನಡೀರಿ ಮನ್ಗೆ."

ಬಿಗಿದು ತುಂಬಿದ್ದ ಆ ಕೆಚ್ಚಲನ್ನು ನಾನು ಕಣ್ಣಾರೆ ಕಂಡಿದ್ದೆ. ಅವಳು ಮುಂದೆ ನಡೆದಳು. ಗಂಡಸರು ಮಾತ್ರ ಕದಲದೆ, ನಮ್ಮೂರಿನ ಕಡೆಯಿಂದ ಇನ್ನೂ ಕೇಳುತ್ತಿದ್ದ ಕೇಕೆಗೆ ಕಿವಿಗೊಟ್ಟು ನಿಂತಿದ್ದರು. ಅವಳು ವಾಪಸು ಬಂದು ಒಬ್ಬನ ತೋಳು ಹಿಡಿದು ಎಳೆದ ಮೇಲೆಯೇ ಉಳಿದವರು ಹೆಜ್ಜೆ ಕಿತ್ತಿಟ್ಟದ್ದು.