ದಮಯಂತಿಯ ಇಳಿಜಾರು

ಸೈಕಲ್ಲಿಗೆ ಗಂಟುಮೂಟೆ ಬಿಗಿದು ಕಾಡುಮೇಡು ಅಲೆಯುವುದಕ್ಕೆ ಈಗ ಬೈಕ್‌ಪ್ಯಾಕಿಂಗ್ ಎಂಬ ನಾಮಧೇಯವಂತೆ. ನಮ್ಮ ಬಾಲ್ಯದಲ್ಲಿ ಮೀನಿನ ಬುಟ್ಟಿಯನ್ನು ಹಿಂದೆ ಕಟ್ಟಿಕೊಂಡು ಮೂರ್ನಾಡಿನ ಬೀದಿಬೀದಿಗಳಲ್ಲಿ ಕೂಗುತ್ತ ಬರುತ್ತಿದ್ದ ಸಾಹೇಬರು ಇದೇ ಸಾಹಸವನ್ನು ದಿನವೂ ಮಾಡುತ್ತಿದ್ದರು. ಇಂಗ್ಲಿಷ್ ಹೆಸರಿನ ಭಾಗ್ಯವಿಲ್ಲದ ಕಾರಣ ಅವರ ಬೆನ್ನ ಹಿಂದೆ ಅಭಿಮಾನಿಗಳ ಬದಲು ಬೆಕ್ಕುಗಳಷ್ಟೇ ಇರುತ್ತಿದ್ದವು. ಐವತ್ತಾರರ ಪ್ರಾಯದ ನಾವಿಬ್ಬರು ಹೆಂಗಸರು ಕಳೆದ ಬೇಸಿಗೆ ರಜೆಯಲ್ಲಿ ಹಾಗೆ ಹೊರಟಾಗ ನಮ್ಮ ಹಿಂದೆ ಬೆಕ್ಕೂ ಇರಲಿಲ್ಲ. ನನ್ನ ಮಗನೊಬ್ಬ ಮಾತ್ರ ಗೇಟಿನ ತನಕ ಬಂದು, ‘ಅಮ್ಮಾ, ಇಪ್ಪತ್ತೊಂದು ಗೇರ್ ಉಂಟು, ಬೇಕಾದ್ದು ಹಾಕಿಕೊ’ ಎಂದು ಉಪದೇಶಿಸಿದ. ನಾನರಿತ ಗೇರು ಎಂದರೆ ಸುಟ್ಟು, ಸಿಪ್ಪೆ ತೆಗೆದು ತಿನ್ನುವಂಥದ್ದು.

ಈ ಯಾತ್ರೆಯ ಸೂತ್ರಧಾರಿಣಿ ದಮಯಂತಿ. ಹೆಸರಿಗೆ ತಕ್ಕಂತೆ ದಮ್ಮಿರುವವಳು. ಮೂರ್ನಾಡಿನ ಹೊರಗೆ ಅವಳದೊಂದು ಸಣ್ಣ ಕಾಫಿ ತೋಟವಿದೆ. ಗಂಡ ತೀರಿಕೊಂಡ ಮೇಲೆ ಅದನ್ನು ಒಬ್ಬಳೇ ನೋಡಿಕೊಂಡಿದ್ದಾಳೆ. ಮನೆಯಲ್ಲಿ ಅರೆಭಾಷೆಯಾಡುವ ಅವಳು ನನ್ನೊಡನೆ ಕನ್ನಡವಾಡುವಾಗಲೂ ‘ಉಂಟು’ ಎನ್ನುವಲ್ಲಿ ‘ಉಟ್ಟು’, ‘ಇಲ್ಲ’ ಎನ್ನುವಲ್ಲಿ ‘ಇಲ್ಲೆ’ ನುಸುಳುತ್ತವೆ. ನಾನಾದರೋ ಅದೇ ಊರಿನ ದೇವಸ್ಥಾನದ ಅರ್ಚಕರ ಮಗಳು, ಈಗ ಮಡಿಕೇರಿಯಲ್ಲಿ ಕನ್ನಡ ಮೇಷ್ಟರಿಣಿ. ವಿಸರ್ಗಸಂಧಿಯನ್ನು ಬಲ್ಲೆ, ಕೀಲುಸಂಧಿಗಳ ವಿಷಯದಲ್ಲಿ ಅಜ್ಞೆ. ಮೊದಲ ದಿನ ನಾಪೋಕ್ಲು ದಾಟುವ ಮೊದಲೇ ನನ್ನ ಮಂಡಿಗಳೆರಡೂ ಆಕ್ಷೇಪಣೆ ಮಂಡಿಸಿದವು. ಹೇಗೋ ಭಾಗಮಂಡಲ ತಲುಪಿ ಅವಳ ಚಿಕ್ಕಮ್ಮನ ಮಗಳ ಮನೆಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಕರಿಕೆಯ ಘಾಟಿ ಹಿಡಿದೆವು.

ಓದುಗರೇ, ಆ ದಾರಿಯನ್ನು ವಾಹನದಲ್ಲಿ ಕುಳಿತು ನೋಡಿದವರು ಅದರ ಅರ್ಧವನ್ನಷ್ಟೇ ನೋಡಿದ್ದಾರೆ. ಕಾಫಿ ಅರಳಿಸುವ ಹೂಮಳೆ ಬಿದ್ದು ತಿಂಗಳಾಗಿತ್ತು. ನಾಗಸಂಪಿಗೆಯ ಮರಗಳು ತಾಮ್ರದ ಬಣ್ಣದ ಚಿಗುರು ಹೊತ್ತಿದ್ದವು. ಜೀರುಂಡೆಗಳ ಸಾಮೂಹಿಕ ಪಾರಾಯಣ ಒಂದು ತಿರುವಿನಲ್ಲಿ ನಿಂತು ಇನ್ನೊಂದರಲ್ಲಿ ಶುರುವಾಗುತ್ತಿತ್ತು. ಆದರೆ ಈ ಪ್ರಕೃತಿ ವರ್ಣನೆಗೆ ನನಗೆ ಇಷ್ಟೊಂದು ಪುರಸೊತ್ತು ಸಿಕ್ಕಿದ್ದಕ್ಕೆ ಕಾರಣ ಹೇಳಲು ನಾಚಿಕೆ. ನಾನು ಇಳಿಜಾರಿನಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆಯುತ್ತಿದ್ದೆ. ಏರಿನಲ್ಲಿ ತಳ್ಳುವವರನ್ನು ಲೋಕ ಕ್ಷಮಿಸುತ್ತದೆ. ಇಳಿಜಾರಿನಲ್ಲೂ ತಳ್ಳುವವಳನ್ನು ಕಂಡು ಎದುರು ಬಂದ ಜೀಪಿನವನು ನಿಲ್ಲಿಸಿ, ‘ಪಂಕ್ಚರಾ ಅಮ್ಮಾ?’ ಎಂದು ಕನಿಕರದಿಂದ ವಿಚಾರಿಸಿದ.

ದಮಯಂತಿ ಪ್ರತಿ ತಿರುವಿನಲ್ಲೂ ನನಗಾಗಿ ಕಾದಳು. ನಾಲ್ಕನೆಯದರಲ್ಲಿ ಸೈಕಲನ್ನು ರಸ್ತೆಬದಿಯ ಮಣ್ಣಿನ ಧರೆಗೆ ಒರಗಿಸಿ, ‘ನಂಗೆ ಒಂದು ಅರ್ಥ ಆಗುದಿಲ್ಲೆ’ ಎಂದಳು. ‘ಅವತ್ತು ಬಿದ್ದವಳು ನಾನು. ಇಳಿಜಾರು ಕಂಡ್ರೆ ಹೆದರುವವಳು ನೀನು. ಇದೆಂತ ಕತೆ?’

ಅವತ್ತು ಎಂದರೆ ನಮ್ಮ ಹದಿಮೂರನೆಯ ವಯಸ್ಸಿನ ಒಂದು ಬೇಸಿಗೆಯ ಮಧ್ಯಾಹ್ನ. ದಮಯಂತಿಯ ಅಣ್ಣ ಉಂಡು ಮಲಗಿದ್ದ ಹೊತ್ತಿನಲ್ಲಿ ಅವನ ಸೈಕಲನ್ನು ಸದ್ದಿಲ್ಲದೆ ಹೊರಗೆ ತಂದಿದ್ದೆವು. ದೇವಸ್ಥಾನದ ಮುಂದಿನ ರಸ್ತೆ ನೇರ ಗದ್ದೆಗೆ ಇಳಿಯುತ್ತದೆ. ಒಬ್ಬಳು ಹ್ಯಾಂಡಲ್ ಹಿಡಿದಳು, ಒಬ್ಬಳು ಕ್ಯಾರಿಯರ್ ಮೇಲೆ ಕುಳಿತಳು. ಇಬ್ಬರೂ ಗದ್ದೆಗೆ ನೀರು ಹರಿಯುವ ತೋಡಿನಲ್ಲಿ ಬಿದ್ದೆವು. ದಮಯಂತಿಯ ಮುಂದಿನ ಹಲ್ಲು ಮುರಿದು ಗಲ್ಲ ಸೀಳಿತ್ತು. ನನಗೆ ಒಂದು ಗೀರೂ ಆಗಿರಲಿಲ್ಲ. ಪೂಜೆ ಮುಗಿಸಿ ಬರುತ್ತಿದ್ದ ನನ್ನ ಅಪ್ಪ ಮೇಲಿನಿಂದ ಗುಡುಗಿದರು: ‘ಸೈಕಲ್ ಬಿಟ್ಟದ್ದು ಯಾರು?’

ಬಾಯಿ ತುಂಬ ರಕ್ತವಿದ್ದ ದಮಯಂತಿ ಹೇಳಿದಳು: ‘ನಾನು.’

ಅವಳಿಗೆ ಮನೆಯಲ್ಲಿ ಬೆತ್ತದ ಪೆಟ್ಟು ಬಿತ್ತು. ಅವಳ ಜೊತೆ ಸೇರಬಾರದೆಂದು ಅಪ್ಪ ನನಗೆ ಒಂದು ವರ್ಷ ನಿರ್ಬಂಧ ಹಾಕಿದರು. ಊರು ಅವಳನ್ನು ‘ಸೈಕಲ್ ದಮಯಂತಿ’ ಎಂದು ಕರೆಯಿತು. ಆ ವರ್ಷ ಶಾಲೆಯಲ್ಲಿ ಸನ್ನಡತೆಯ ಬಹುಮಾನ ನನಗೆ ಬಂತು.

ಸೈಕಲ್ ಬಿಟ್ಟವಳು ನಾನು. ಮದುವೆ, ಮಕ್ಕಳು, ವರ್ಗಾವಣೆ ಎಲ್ಲದರ ನಡುವೆಯೂ ಈ ಒಂದು ವಾಕ್ಯ ನನ್ನೊಳಗೆ ಕರ್ತೃಪದ ಕಳೆದುಕೊಂಡ ಕ್ರಿಯಾಪದದಂತೆ ಅಲೆಯುತ್ತಿತ್ತು. ಎಷ್ಟೋ ಸಲ ಅವಳೆದುರು ಬಾಯಿ ತೆರೆದು ಬೇರೇನೋ ಮಾತಾಡಿ ಮುಚ್ಚಿದ್ದೆ. ಆ ತಿರುವಿನಲ್ಲಿ ಮಾತ್ರ, ಅವಳೇ ಕೇಳಿದ್ದರಿಂದ, ಹೇಳಿಯೇಬಿಟ್ಟೆ.

‘ಅವತ್ತು ಸೈಕಲ್ ಬಿಟ್ಟದ್ದು ನಾನು ಕಣೇ. ನೀನು ಹಿಂದೆ ಕೂತಿದ್ದೆ.’

ಅವಳು ನನ್ನನ್ನೇ ನೋಡಿದಳು. ಅಪ್ಪಿಕೊಳ್ಳುತ್ತಾಳೆ, ‘ಹೋಗಲಿ ಬಿಡೇ’ ಎನ್ನುತ್ತಾಳೆ, ಇಬ್ಬರೂ ಸ್ವಲ್ಪ ಅಳುತ್ತೇವೆ ಎಂದು ನಾನು ಮನಸ್ಸಿನಲ್ಲೇ ದೃಶ್ಯ ರಚಿಸಿಟ್ಟಿದ್ದೆ.

‘ಹಲ್ಲು ಯಾರದ್ದು ಹೋದ್ದು?’ ಎಂದಳು.

‘ನಿನ್ನದು.’

‘ಪೆಟ್ಟು ಯಾರಿಗೆ ಬಿದ್ದದ್ದು?’

‘ನಿನಗೆ.’

‘ಮತ್ತೆ ಸೈಕಲ್ ಬಿಟ್ಟವಳು ನೀನು ಹೇಗೆ ಆಗ್ತೀಯ?’ ಅವಳ ಗಲ್ಲದ ಕಲೆ ಕೆಂಪೇರಿತ್ತು. ‘ಇವರು ಹೋದ ಮೇಲೆ ತೋಟಕ್ಕೆ ಜೀಪ್ ಓಡಿಸ್ಲಿಕ್ಕೆ ಜನ ಇರ್ಲಿಲ್ಲೆ. ನಾನೇ ಕೂತೆ. ಕೀಲಿ ತಿರುಗಿಸ್ಲಿಕ್ಕೂ ಹೆದರಿಕೆ. ಆಗ ನಂಗೆ ನಾನೇ ಹೇಳ್ಕೊಂಡೆ, ಹದಿಮೂರರಲ್ಲೇ ದೇವಸ್ಥಾನದ ಇಳಿಜಾರಲ್ಲಿ ಸೈಕಲ್ ಬಿಟ್ಟವಳು ನಾನು, ಇದೆಂತ ದೊಡ್ಡದು ಅಂತ. ಆ ಒಂದು ಮಾತಿನ ಮೇಲೆ ನನ್ನ ಅರ್ಧ ಜೀವನ ಉಟ್ಟು. ಈಗ ಬಂದು ಅದು ನಂದು ಅಂತೀಯಲ್ಲ!’

ಹೇಳಿದವಳೇ ಸೈಕಲ್ ಏರಿ ಹೊರಟೇಹೋದಳು.

ತಪ್ಪೊಪ್ಪಿಗೆ ಎಂಬುದು ಕೊಡುವ ಕ್ರಿಯೆ ಎಂದು ನಾನು ನಂಬಿದ್ದೆ. ಆ ಧರೆಯ ಪಕ್ಕ ಒಂಟಿಯಾಗಿ ನಿಂತಾಗಲೇ ಹೊಳೆದದ್ದು: ನನ್ನ ಮನಸ್ಸು ಹಗುರವಾಗಬೇಕೆಂಬ ಆತುರದಲ್ಲಿ, ಅವಳು ಇಷ್ಟು ವರ್ಷ ಊರುಗೋಲಾಗಿ ಹಿಡಿದಿದ್ದನ್ನು ಕಿತ್ತುಕೊಂಡಿದ್ದೆ. ಅವಳು ನಿಜವಾಗಿಯೂ ಮರೆತಿದ್ದಳೋ, ಮರೆಯಬೇಕೆಂದು ಮರೆತಿದ್ದಳೋ, ಕೇಳುವ ಧೈರ್ಯವೂ ಆಗ ನನಗಿರಲಿಲ್ಲ.

ಈ ಚಿಂತನೆಯನ್ನು ಇನ್ನಷ್ಟು ಬೆಳೆಸಬಹುದಿತ್ತು. ಅಷ್ಟರಲ್ಲಿ ಕಾಲಬುಡದಲ್ಲಿ ಆನೆಯ ಲದ್ದಿ ಕಂಡಿತು. ಹಬೆಯಾಡುತ್ತಿತ್ತು. ಮೇಲಿನ ಬಿದಿರು ಮೆಳೆಯಲ್ಲಿ ಏನೋ ಲಟಕ್ಕೆಂದಿತು. ನಾನು ಹೇಗೆ ಸೀಟಿನ ಮೇಲೆ ಕುಳಿತೆನೋ ತಿಳಿಯದು. ಎರಡೂ ಬ್ರೇಕುಗಳನ್ನು ಅರ್ಧ ಅದುಮಿ, ಕಣ್ಣು ಪೂರ್ತಿ ತೆರೆದು, ಬಲ್ಲ ಸ್ತೋತ್ರಗಳನ್ನೆಲ್ಲ ಕಲಸಿ ಹೇಳುತ್ತ ಇಳಿದೆ. ಮೂರು ತಿರುವು ಕಳೆಯುವಷ್ಟರಲ್ಲಿ ಸ್ತೋತ್ರ ನಿಂತಿತ್ತು. ಮುಖಕ್ಕೆ ಬಡಿಯುತ್ತಿದ್ದ ತಂಪು ಗಾಳಿಯಲ್ಲಿ ಒಣಗಿದ ಎಲೆಗಳ ವಾಸನೆಯಿತ್ತು. ನನಗೆ ಮತ್ತೆ ಹದಿಮೂರು ವರ್ಷವಾಗಿತ್ತು, ಈ ಬಾರಿ ಕೆಳಗೆ ತೋಡು ಇರಲಿಲ್ಲ.

ಮೋರಿಯ ಕಟ್ಟೆಯ ಮೇಲೆ ದಮಯಂತಿ ಕುಳಿತಿದ್ದಳು. ನಾನು ಸೈಕಲ್ ಮೇಲೇ ಬಂದದ್ದನ್ನು ಕಂಡು ಹುಬ್ಬೇರಿಸಿದಳು. ನೀರಿನ ಬಾಟಲಿ ಮುಂದೆ ಚಾಚಿದಳು. ಅಲ್ಲಿಂದ ಅವಳು ಮುಂದೆ, ನಾನು ಹಿಂದೆ ಸೈಕಲ್ ತುಳಿದೆವು.

ಕರಿಕೆಯಲ್ಲಿ ರಸ್ತೆಬದಿಯ ಒಂದು ಹೋಟೆಲು. ಅದರ ಯಜಮಾನಿ ನಮ್ಮ ಪ್ರಾಯದವಳೇ, ಮಲಯಾಳ ಬೆರೆಸಿ ಕನ್ನಡವಾಡುವವಳು. ಹಬೆಯಲ್ಲಿ ಬೆಂದ ಅಕ್ಕಿಹಿಟ್ಟಿನ ಪುಟ್ಟು, ಕಡಲೆ, ಚಹಾ ತಂದಿಟ್ಟು ನಮ್ಮ ಸೈಕಲ್ಲುಗಳನ್ನೂ ನಮ್ಮನ್ನೂ ಅಳೆದು ನೋಡಿದಳು.

‘ಅಯ್ಯೋ ಚೇಚಿ, ಈ ಚೂಡಿಗೆ, ಈ ಬಿಸಿಲಿಗೆ ಸೈಕಲಾ? ಎಲ್ಲಿ ಕಲಿತದ್ದು ನೀವು?’

ದಮಯಂತಿಯನ್ನು ಈ ಪ್ರಶ್ನೆ ಕೇಳಿದವರಿಗೆ ದೇವಸ್ಥಾನದ ಇಳಿಜಾರಿನಿಂದ ಬಿಡುಗಡೆಯಿಲ್ಲ. ಅವಳು ಶುರುಮಾಡಿದಳು. ಅಣ್ಣನ ಗೊರಕೆ ಬಂತು, ಬಿಸಿಲು ಬಂತು, ರಸ್ತೆಯ ಜಲ್ಲಿ ಬಂತು. ಸೈಕಲ್ ಏರುವ ಜಾಗಕ್ಕೆ ಬಂದಾಗ ಮಾತು ನಿಂತಿತು. ತಟ್ಟೆಯಲ್ಲಿ ಪುಟ್ಟನ್ನು ಪುಡಿ ಮಾಡುತ್ತ ಕುಳಿತಳು.

‘ಯಾರು ಬಿಟ್ಟದ್ದು ಸೈಕಲ್?’ ಯಜಮಾನಿ ಕೇಳಿದಳು.

‘ಇವಳು’ ಎಂದೆ ನಾನು, ದಮಯಂತಿಯತ್ತ ಕೈ ತೋರಿಸಿ. ‘ನಾನು ಹಿಂದೆ ಕ್ಯಾರಿಯರ್ ಮೇಲೆ ಕಣ್ಣುಮುಚ್ಚಿ ಕೂತಿದ್ದೆ. ಇವಳು ಬಿಟ್ಟ ವೇಗ ಕಂಡು ನಮ್ಮಪ್ಪನೇ ಬೆಚ್ಚಿಬಿದ್ದಿದ್ದರು.’

ಅವತ್ತು ಹೆದರಿ ಬಾಯಿ ಮುಚ್ಚಿಕೊಂಡು ಉಳಿಸಿದ್ದ ಸುಳ್ಳನ್ನು ಈಗ ಬಾಯಿತುಂಬ ಹೇಳಿದೆ.

ದಮಯಂತಿ ನಿಧಾನವಾಗಿ ಚಹಾ ಕುಡಿದಳು. ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ, ಯಜಮಾನಿಗೆ ಹೇಳಿದಳು: ‘ಸೈಕಲ್ ಬಿಟ್ಟದ್ದು ನಾನೇ. ಆದ್ರೆ ಮೇಲಿಂದ ಕೆಳಗಿನವರೆಗೆ ಬಿಡದೆ ಬೆಲ್ ಹೊಡೆದದ್ದು ಮಾತ್ರ ಇವಳು.’

ಹೊಡೆದಿದ್ದೆ, ಹೌದು. ಬ್ರೇಕು ಹುಡುಕುತ್ತಿದ್ದ ಹೆಬ್ಬೆರಳಿಗೆ ಅದೊಂದೇ ಸಿಕ್ಕಿತ್ತು. ಕ್ಯಾರಿಯರ್ ಮೇಲೆ ಕುಳಿತವಳಿಗೆ ಬೆಲ್ ಎಟಕುವುದಿಲ್ಲ. ಅದು ಹೇಗೆಂದು ಯಜಮಾನಿ ಕೇಳಲಿಲ್ಲ. ‘ಒಳ್ಳೆ ಜೋಡಿ’ ಎಂದು ನಕ್ಕು, ನಮ್ಮಿಬ್ಬರ ತಟ್ಟೆಗೂ ಇನ್ನಷ್ಟು ಕಡಲೆ ಬಡಿಸಿದಳು.