ಪೇಟೆಂಟ್ ಓದುವ ರಾಜೀಮತಿ

ಇನ್ನೂ ಸೂರ್ಯ ಮೂಡಿಲ್ಲ. ಚನ್ನರಾಯಪಟ್ಟಣದ ತಮ್ಮ ಮನೆಯ ಜಗಲಿಯಲ್ಲಿ ರಾಜೀಮತಿ ಕಲ್ಕತ್ತಾದಿಂದ ಅಂಚೆಯಲ್ಲಿ ಬಂದ ಪೇಟೆಂಟ್ ಪತ್ರ ಹರಡಿಕೊಂಡು ಕೂತಿದ್ದಾರೆ. ಎದುರಿಗೆ ಕಮ್ಮಾರ ಬೋರಪ್ಪ, ಪಕ್ಕದಲ್ಲಿ ಅವನೇ ಮಾಡಿದ ತೆಂಗಿನಕಾಯಿ ಸುಲಿಯುವ ಯಂತ್ರ. ಇಂಥವೇ ಇನ್ನೂ ನಲವತ್ತು ಕುಲುಮೆಯಲ್ಲಿ ಸಿದ್ಧವಾಗಿವೆ, ನಾಳೆ ಸಂತೆ. ಆದರೆ ಹೊರ ಊರಿನ ದೊಡ್ಡ ಕಂಪನಿಯೊಂದು ಇಂಥದ್ದೇ ಯಂತ್ರಕ್ಕೆ ಪೇಟೆಂಟ್ ಪಡೆದು ಕೂತಿದೆ; ಈ ಪತ್ರ ಅದರದೇ ನಕಲು. ಅದರ ಹಕ್ಕಿಗೆ ಕೈ ಹಾಕಿದ್ದರೆ ಬೋರಪ್ಪನಿಗೆ ಕೋರ್ಟು, ಕುಲುಮೆಗೆ ಬೀಗ.

"ಚಿತ್ರ ನೋಡಿ ಹೆದರ್ಕೋಬೇಡಿ ಬೋರಪ್ಪ. ಹಕ್ಕು ಇರೋದು ಕೊನೇ ಪುಟದಲ್ಲಿ," ಎನ್ನುತ್ತಾರೆ ರಾಜೀಮತಿ. ಆ ಪುಟದಲ್ಲಿ ಹೇಳಿದ ಒಂದೊಂದು ಭಾಗಕ್ಕೂ ಒಂದೊಂದು ಹುಣಸೆಬೀಜ ಇಡುತ್ತಾರೆ. ಒಟ್ಟು ಐದು. ಬೋರಪ್ಪನ ಯಂತ್ರದಲ್ಲೂ ಆ ಭಾಗ ಇದ್ದರೆ ಬೀಜ ಎತ್ತಬೇಕು. ಐದೂ ಒಟ್ಟಿಗಿದ್ದರೆ ಮಾತ್ರ ಕಂಪನಿಯ ಹಕ್ಕು; ಒಂದಾದರೂ ಉಳಿದರೆ ಬಚಾವು, ಐದೂ ಹೋದರೆ ಮುಗಿಯಿತು ಕಥೆ.

ಜಿನನಾಥಪುರದಲ್ಲಿ ಹುಟ್ಟಿದ ರಾಜೀಮತಿ ಹಗಲೆಲ್ಲ ವಕೀಲರ ಕಚೇರಿಯಲ್ಲಿ ಟೈಪಿಸ್ಟ್. ೧೯೫೩ರಲ್ಲಿ ಹೊಳೆನರಸೀಪುರದ ಸ್ಟೌ ತಯಾರಕನೊಬ್ಬನಿಗೆ ಹೋದ ನೋಟೀಸನ್ನು ಟೈಪ್ ಮಾಡಿದ್ದು ಇವರೇ. ಪೇಟೆಂಟ್ ಎಂಬ ಮಾತೇ ಕೇಳಿರದ ಆತ ಅಂಗಡಿ ಮುಚ್ಚಿದ. "ಮೂರು ದಿನ ನಂಗೆ ಅನ್ನ ಸೇರ್ಲಿಲ್ಲ. ಒತ್ತಿದ್ದು ಈ ಬೆರಳುಗಳೇ ಅಲ್ವಾ?" ಆಮೇಲೆ ಡಿಕ್ಷನರಿ ಹಿಡಿದು ಪೇಟೆಂಟಿನ ಈ ಒರಟು ಇಂಗ್ಲಿಷನ್ನು ಒಬ್ಬರೇ ಪಳಗಿಸಿಕೊಂಡರು. ಒಂಬತ್ತು ವರ್ಷದಲ್ಲಿ ಅರವತ್ತಮೂರು ಸಾಮಾನು ನೋಡಿಕೊಟ್ಟಿದ್ದಾರೆ. ರಾಮನಾಥಪುರದ ಹೊಗೆಸೊಪ್ಪು ಪೋಣಿಸುವ ಸೂಜಿ, ಹಾಸನದ ಆಲೂಗೆಡ್ಡೆ ಜರಡಿ ಎಲ್ಲವೂ ಈ ಜಗಲಿ ದಾಟಿಯೇ ಪೇಟೆಗೆ ಹೋದವು. ಟೈಪಿಸ್ಟ್ ಹೆಂಗಸಿಗೆ ಏನು ತಿಳಿಯುತ್ತದೆ ಎಂದವರೂ ಬಂದು ಹೋಗಿದ್ದಾರೆ!

ಇತ್ತ ನಾಲ್ಕು ಬೀಜ ಆಗಲೇ ಖಾಲಿ. ಐದನೆಯದು ಸ್ಪ್ರಿಂಗು. ಬೋರಪ್ಪನ ಯಂತ್ರದಲ್ಲೂ ಸ್ಪ್ರಿಂಗು ಹೊಳೆಯುತ್ತಿದೆ. ಅವನ ಮುಖ ಬಾಡಿಹೋಗುತ್ತದೆ.

"ಇದು ಯಾತಕ್ಕೆ ಹಾಕಿದ್ದು?"

"ಅಂದಕ್ಕೆ ಕಣಮ್ಮಾ! ಪ್ಯಾಟೆ ಮಿಸನ್ನಿಗೆ ಐತಲ್ಲ, ಅದ್ಕೇ ನಾನೂ ಆಕ್ಬುಟ್ಟೆ. ಅದಿಲ್ದಿದ್ರೂ ಸುಲೀತದೆ."

"ಹಾಗಾದ್ರೆ ಕಿತ್ತು ಹಾಕಿ ಮತ್ತೆ!"

ಸ್ಪ್ರಿಂಗು ಕಿತ್ತು, ಕಾಯಿ ಚುಚ್ಚಿ, ಬೋರಪ್ಪ ಹಿಡಿ ಒತ್ತುತ್ತಾನೆ. ಚರ್ರನೆ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ನಲವತ್ತು ದಾಟಿದ ರಾಜೀಮತಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. "ಒಂದು ಉಳೀತು ಬೋರಪ್ಪ, ಒಂದು ಉಳೀತು!"

"ಎಲ್ಲಾ ಮಿಸನ್ನಿನ ಮ್ಯಾಲೂ ನಿಮ್ಮೆಸ್ರು ಕೆತ್ತುಸ್ತೀನಿ ತಾಯಿ," ಎನ್ನುತ್ತಲೇ ಬೋರಪ್ಪ ಉಳಿದ ನಲವತ್ತರ ಸ್ಪ್ರಿಂಗು ಕೀಳಲು ಓಡುತ್ತಾನೆ. ರಾಜೀಮತಿ ನಗುತ್ತಾ ಬೇಡವೆಂದು ಕೈಯಾಡಿಸುತ್ತಾರೆ. ಕಚೇರಿಗೆ ಹೊತ್ತಾಯಿತು. ಸಾಮಾನು ತೋರಿಸಿಕೊಂಡು ಹೋದ ಇಷ್ಟು ಜನರಲ್ಲಿ ಮತ್ತೆ ಬಂದು ಸುದ್ದಿ ಹೇಳಿದವರು ಎಷ್ಟು ಮಂದಿ ಎಂದು ಕೇಳಿದರೆ, ಸೆರಗು ಸರಿಮಾಡಿಕೊಂಡು ಹೇಳುತ್ತಾರೆ:

"ಯಾರೂ ಬರಲ್ಲ. ನೋಟೀಸ್ ಬಂದ್ರೆ ತಾನೇ ಓಡಿ ಬರೋದು? ಯಾರೂ ಬರ್ಲಿಲ್ಲ ಅಂದ್ರೇನೇ, ನಾನು ಸರಿಯಾಗಿ ಓದಿದೀನಿ ಅಂತ."